ಹಗಲು ನಿದ್ದೆ ಕೆಟ್ಟರೆ ರಾತ್ರಿಯೂ ಕೆಡುತ್ತದೆ: ಎಳೆಗೂಸನ್ನು ಮಲಗಿಸುವ ಕ್ರಮ

‘ಹಗಲು ಮಲಗಿಸಬೇಡ, ರಾತ್ರಿ ಚೆನ್ನಾಗಿ ಮಲಗುತ್ತೆ.’ ಬಾಣಂತಿಯ ಕಿವಿಗೆ ಬೀಳುವ ಸಲಹೆಗಳಲ್ಲಿ ಮನೆಮಂದಿಯನ್ನೆಲ್ಲ ಹೆಚ್ಚು ಗೋಳಾಡಿಸುವುದು ಇದೇ. ಎಚ್ಚರದ ಹೊತ್ತು ಮಿತಿಮೀರಿದರೆ ಮಗುವಿನ ಮೈಯಲ್ಲಿ ಕಾರ್ಟಿಸಾಲ್‌ನಂಥ ಎಚ್ಚರದ ಹಾರ್ಮೋನು ಏರುತ್ತದೆ. ಆಗ ನಿದ್ದೆ ಎಳೆಯುತ್ತಿದ್ದರೂ ಕಣ್ಣು ಮುಚ್ಚದೆ ರಚ್ಚೆ ಹಿಡಿಯುತ್ತದೆ, ಮಲಗಿದರೂ ಬೆಚ್ಚಿ ಏಳುತ್ತದೆ. ನವಜಾತ ಶಿಶುವಿಗೆ ದಿನಕ್ಕೆ 14ರಿಂದ 17 ಗಂಟೆ, 4ರಿಂದ 12 ತಿಂಗಳ ಮಗುವಿಗೆ 12ರಿಂದ 16 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಈ ಲೆಕ್ಕದೊಳಗೇ ಬರುತ್ತದೆ. ಕಲಿಕೆಗೂ ಇದು ಬೇಕು: 6 ಮತ್ತು 12 ತಿಂಗಳ ಮಕ್ಕಳಿಗೆ ಹೊಸ ಆಟ ತೋರಿಸಿದ ಪ್ರಯೋಗವೊಂದರಲ್ಲಿ, ನಾಲ್ಕು ಗಂಟೆಯೊಳಗೆ ಅರ್ಧ ಗಂಟೆಯಾದರೂ ಮಲಗೆದ್ದ ಮಕ್ಕಳು ಅದನ್ನು ನೆನಪಿಟ್ಟುಕೊಂಡಿದ್ದರು, ಮಲಗದವರು ನೆನಪಿಟ್ಟುಕೊಂಡಿರಲಿಲ್ಲ.

ಎದ್ದ ಹೊತ್ತಿನಿಂದ ಎಣಿಸಿ

ಮೊದಲ ತಿಂಗಳುಗಳಲ್ಲಿ ‘ಹತ್ತಕ್ಕೆ ಮಲಗಬೇಕು’ ಎಂಬ ವೇಳಾಪಟ್ಟಿ ನಡೆಯುವುದಿಲ್ಲ. ಮಗು ಕಣ್ಣುಬಿಟ್ಟ ನಿಮಿಷವನ್ನು ಗುರುತಿಟ್ಟುಕೊಳ್ಳಿ. ಮೊದಲ ತಿಂಗಳಲ್ಲಿ 45–60 ನಿಮಿಷ, ಮೂರು ತಿಂಗಳಿಗೆ ಸುಮಾರು ಒಂದೂವರೆ ಗಂಟೆ, ಆರಕ್ಕೆ ಎರಡರಿಂದ ಎರಡೂವರೆ, ಒಂಬತ್ತಕ್ಕೆ ಮೂರು ಗಂಟೆ. ಒಮ್ಮೆಗೆ ಎಚ್ಚರವಾಗಿರಬಲ್ಲದ್ದು ಹೆಚ್ಚುಕಡಿಮೆ ಇಷ್ಟೇ. ಹಾಲು ಕುಡಿಯುವುದು, ಬಟ್ಟೆ ಬದಲಿಸುವುದು ಎಲ್ಲ ಇದರೊಳಗೇ ಮುಗಿಯಬೇಕು.

ಆಟದಿಂದ ಮುಖ ತಿರುಗಿಸಿ ಎಲ್ಲೋ ದಿಟ್ಟಿಸುವುದು, ಹುಬ್ಬಿನ ಸುತ್ತ ಕೆಂಪಗಾಗುವುದು ಮೊದಲ ಸೂಚನೆ. ಕಣ್ಣುಜ್ಜಿದರೆ, ಕಿವಿ ಎಳೆದುಕೊಂಡರೆ ತಡಮಾಡಬೇಡಿ. ಬೆನ್ನು ಸೆಟೆದು ಅಳುತ್ತಿದೆಯೆಂದರೆ ಹೊತ್ತು ಮೀರಿದೆ. ನೋಡಲು ಬಂದವರಿಗಾಗಿ ಮಲಗಿದ ಕೂಸನ್ನು ಎಬ್ಬಿಸಿ ತೋರಿಸುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ.

ಎಣ್ಣೆ-ನೀರಿನ ಲೆಕ್ಕ

ಎಣ್ಣೆ ಹಚ್ಚಿ ನೀರು ಹಾಕಿದ ಮೇಲಿನ ನಿದ್ದೆಯೇ ಎಷ್ಟೋ ಮಕ್ಕಳಿಗೆ ದಿನದ ದೊಡ್ಡ ನಿದ್ದೆ. ಅದು ಕೆಡುವುದು ಸ್ನಾನ ತಡವಾದಾಗ. ಆಗಲೇ ದಣಿದಿದ್ದ ಮಗು ಬಚ್ಚಲಲ್ಲಿ ಅತ್ತು, ಎರಡು ಗುಟುಕು ಕುಡಿದು ಹಾಗೇ ಮಲಗಿಬಿಡುತ್ತದೆ. ಅರ್ಧ ಗಂಟೆಗೆ ಹಸಿದು ಏಳುತ್ತದೆ. ಮೂರು ತಿಂಗಳ ಮಗುವಾದರೆ ಎದ್ದು 40 ನಿಮಿಷಕ್ಕೆ ಎಣ್ಣೆ ಹಚ್ಚಲು ಕೂರಿ. ಎಣ್ಣೆಗೆ 10 ನಿಮಿಷ, ನೀರು ಹಾಕಿ ಒರೆಸಲು 10, ಹಾಲಿಗೆ 20, ಹೆಗಲ ಮೇಲೆ ಹಾಕಿಕೊಂಡು ತೇಗಿಸಲು 10. ಒಂದೂವರೆ ಗಂಟೆಗೆ ಸರಿಯಾಗಿ ತೊಟ್ಟಿಲು. ಸಾಂಬ್ರಾಣಿ ಹೊಗೆ ಬೇಡ, ಎಳೆಯ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ತಲೆಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿದರೆ ಸಾಕು.

ಮಲಗಿಸುವಾಗ

ಪರದೆ ಎಳೆದು ಕೋಣೆ ಮಬ್ಬಾಗಿಸಿ. ಎಚ್ಚರವಿದ್ದಾಗ ಮಾತ್ರ ಹಗಲಿನ ಬೆಳಕು ಬೀಳಲಿ, ಹಗಲು-ರಾತ್ರಿಯ ವ್ಯತ್ಯಾಸ ಮೈಗೂಡುವುದು ಹಾಗೆ. ಸೆಕೆಯಾಗಿದೆಯೇ ಎಂದು ತಿಳಿಯಲು ಕೈಕಾಲಲ್ಲ, ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ.

ತೋಳಲ್ಲಿ ಮಲಗಿದ ಮಗು ಕೆಳಗಿಟ್ಟ ಕೂಡಲೇ ಏಳುವುದಕ್ಕೆ ಕಾರಣವಿದೆ. ಎಳೆಮಕ್ಕಳ ನಿದ್ದೆ ಹಗುರ ಹಂತದಿಂದ ಶುರುವಾಗುತ್ತದೆ. ರೆಪ್ಪೆ ಅದುರುತ್ತಿರುತ್ತದೆ, ತುಟಿಯಲ್ಲಿ ನಗು ಬಂದು ಹೋಗುತ್ತದೆ, ಉಸಿರು ಏರುಪೇರಾಗಿರುತ್ತದೆ. ಹದಿನೈದಿಪ್ಪತ್ತು ನಿಮಿಷ ಕಾಯಿರಿ. ಕೈಯನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಅದು ತಾನಾಗಿ ಜೋತುಬಿದ್ದರೆ ನಿದ್ದೆ ಗಟ್ಟಿಯಾಗಿದೆ. ಮೊದಲು ಅಂಡು, ಆಮೇಲೆ ಬೆನ್ನು, ಕೊನೆಗೆ ತಲೆ ಹಾಸಿಗೆಗೆ ತಾಗಲಿ. ತಲೆ ಮೊದಲು ತಾಗಿದರೆ ಬಿದ್ದಂತಾಗಿ ಕೈ ಅಗಲಿಸಿ ಬೆಚ್ಚುತ್ತದೆ. ಎದೆಯ ಮೇಲೆ ಒಂದು ನಿಮಿಷ ಅಂಗೈ ಇಟ್ಟು ಆಮೇಲೆ ತೆಗೆಯಿರಿ. ಮೂರ್ನಾಲ್ಕು ತಿಂಗಳಾದ ಮೇಲೆ ದಿನಕ್ಕೊಮ್ಮೆಯಾದರೂ ಕಣ್ಣು ಪೂರ್ತಿ ಮುಚ್ಚುವ ಮೊದಲೇ ಮಲಗಿಸಿ ನೋಡಿ.

ಯಾವಾಗಲೂ ಅಂಗಾತವೇ ಮಲಗಿಸಬೇಕು, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ. ದಿಂಬು, ದುಪ್ಪಟಿ, ಗೊಂಬೆ ಯಾವುದೂ ಇರಬಾರದು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಬೇಡ. ಅದಕ್ಕೆ ಎಚ್ಚರವಿದ್ದಾಗ, ಕಣ್ಣೆದುರಿಗೇ ಹೊಟ್ಟೆಯ ಮೇಲೆ ಆಡಿಸುವುದು ಒಳ್ಳೆಯ ದಾರಿ. ಸೀರೆ ಜೋಲಿಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೊತ್ತಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಜೋಲಿಯಲ್ಲೇ ಮಲಗಿಸುವ ಮನೆಯಾದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಲಿ, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಇಳಿಸಿ. ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಗಸಗಸೆ ಹಾಲು ಕುಡಿಸುವುದು ಅಪಾಯ. ವರ್ಷ ತುಂಬುವವರೆಗೆ ಜೇನುತುಪ್ಪವನ್ನೂ ಮುಟ್ಟಿಸಬಾರದು.

ಮುಕ್ಕಾಲು ಗಂಟೆಗೇ ಎದ್ದರೆ?

ಮಗುವಿನ ನಿದ್ದೆಯ ಒಂದು ಸುತ್ತು ಸುಮಾರು 45–50 ನಿಮಿಷದ್ದು. ಸುತ್ತು ಮುಗಿದಾಗ ಮುಲುಗಿ ಹೊರಳುವುದು ಸಹಜ. ಕುಕ್ಕರ್ ಕೂಗು ಸರಿಯಾಗಿ ಆಗಲೇ ಬಿದ್ದರೆ ಮತ್ತೆ ಮಲಗುವುದಿಲ್ಲ. ಕೂಡಲೇ ಎತ್ತಿಕೊಳ್ಳದೆ ಎರಡು ನಿಮಿಷ ನೋಡಿ. ಜೋರಾಗಿ ಅತ್ತರೆ ಮಾತ್ರ ಎತ್ತಿಕೊಳ್ಳಿ. ಐದಾರು ತಿಂಗಳವರೆಗೆ ಚಿಕ್ಕ ಚಿಕ್ಕ ನಿದ್ದೆಗಳು ಸಾಮಾನ್ಯ, ಅದಕ್ಕಾಗಿ ಅಮ್ಮನನ್ನು ದೂರುವುದು ಅನ್ಯಾಯ.

ಮೊದಲ ವಾರಗಳಲ್ಲಿ ಮೂರು ಗಂಟೆ ಕಳೆದರೂ ಹಾಲಿಗೆ ಏಳದಿದ್ದರೆ ಎಬ್ಬಿಸಿ ಕುಡಿಸಿ. ಎಬ್ಬಿಸಿದರೂ ಏಳದಿದ್ದರೆ, ಇಲ್ಲವೇ ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಆ ಹೊತ್ತಿಗೇ ವೈದ್ಯರಲ್ಲಿಗೆ ಹೋಗಬೇಕು.

ಮೂರು ತಿಂಗಳವರೆಗೆ ಹಗಲಿನ ನಿದ್ದೆ ನಾಲ್ಕೈದು ಇರುತ್ತದೆ. ಆರನೇ ತಿಂಗಳ ಸುಮಾರಿಗೆ ಮೂರಾಗುತ್ತದೆ, ಎಂಟೊಂಬತ್ತಕ್ಕೆ ಎರಡು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಒಂದೇ. ಸಂಜೆಯ ನಿದ್ದೆಗೆ ಒಂದು ವಾರವಿಡೀ ಹಟ ಹಿಡಿದರೆ ಅದನ್ನು ಬಿಡಿಸುವ ಕಾಲ ಬಂತೆಂದು ತಿಳಿಯಿರಿ. ಹೊಂದಿಕೊಳ್ಳಲು ಒಂದೆರಡು ವಾರ ಬೇಕಾಗುತ್ತದೆ, ಅಷ್ಟು ದಿನ ರಾತ್ರಿ ಎಂಟಕ್ಕೆ ಮಲಗಿಸುವ ಮಗುವನ್ನು ಏಳಕ್ಕೇ ಮಲಗಿಸಿ.