ಗುಜರಿ ಸೀಡಿಗಳಿಂದ ಕ್ರ್ಯಾಕ್ ಗುಂಪುಗಳ ಚರಿತ್ರೆ: ನಾನು ಕೆಲಸ ಮಾಡುವ ಕ್ರಮ

ಮೈಸೂರು, ಮಂಡ್ಯದ ಕಡೆ ಹಳೇ ಕಂಪ್ಯೂಟರ್ ಸೆಂಟರ್ ಬಾಗಿಲು ಹಾಕಿದರೆ ಮಾನಿಟರ್, ಯುಪಿಎಸ್, ಮೇಜು, ಕುರ್ಚಿ ಮೊದಲು ಕೈ ಬದಲಾಗುತ್ತವೆ. ಫ್ಲಾಪಿ ಡಬ್ಬ, ಸೀಡಿ ಕಟ್ಟು ಕೊನೆಗೆ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ತೊಂಬತ್ತರ ದಶಕದ ಕೊನೆಯಿಂದ 2005ರ ಆಸುಪಾಸಿನವರೆಗಿನ ಕಾಪಿ ಮಾಲು. ಅದರಲ್ಲಿರುವ ಆಟಗಳು ನನಗೆ ಬೇಡ. ಬೇಕಾದ್ದು ಅವುಗಳ ಜೊತೆಗೇ ಬಂದಿರುವ, ಕೆಲವೇ ಕೆ.ಬಿ. ತೂಗುವ, ಬರಿ ಅಕ್ಷರಗಳ ಎನ್‌ಎಫ್‌ಒ ಫೈಲ್. ಆಟದ ಬೀಗ (ಕಾಪಿ ಆಗದಂತೆ ಕಂಪನಿ ಹಾಕಿದ ತಡೆ) ಒಡೆದ ಗುಂಪು, ಅಂದರೆ ಕ್ರ್ಯಾಕ್ ಗುಂಪು, ತನ್ನ ಹೆಸರು, ಬಿಡುಗಡೆಯ ದಿನ, ಎದುರಾಳಿಯ ಮೇಲಿನ ಸಿಟ್ಟು ಎಲ್ಲವನ್ನೂ ಅದರಲ್ಲೇ ಬರೆದಿರುತ್ತದೆ.

ಈ ಗುಂಪುಗಳ ಚರಿತ್ರೆ ಎಂದು ಓದಲು ಸಿಗುವುದರಲ್ಲಿ ಬಹುಪಾಲು ಯಾವುದೋ ಒಂದು ಗುಂಪು ತನ್ನ ಬಗ್ಗೆ ತಾನೇ ಕೊಚ್ಚಿಕೊಂಡದ್ದು. ಒಂದೇ ಕಡೆಯ ವಕೀಲರ ಮಾತು ಕೇಳಿ ತೀರ್ಪು ಬರೆದ ಹಾಗೆ ಅದು. ನನ್ನ ಕ್ರಮದಲ್ಲಿ ಮೂರು ಸಾಕ್ಷಿ ಬೇಕು: ಗುಂಪಿನ ಎನ್‌ಎಫ್‌ಒ, ಅದೇ ಆಟಕ್ಕೆ ಎದುರಾಳಿ ಬರೆದ ಎನ್‌ಎಫ್‌ಒ, ಮತ್ತು ಫೈಲುಗಳೊಳಗೇ ಉಳಿದಿರುವ ದಿನಾಂಕ ಹಾಗೂ ಚೆಕ್‌ಸಮ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ). ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ ಮಾತ್ರ ಬರೆದುಕೊಳ್ಳುತ್ತೇನೆ.

ಮಾಲು ಸಿಗುವ ಅಂಗಡಿಯವರಿಗೆ ಮೊದಲೇ ಹೇಳಿಟ್ಟಿರಬೇಕು: "ಅಣ್ಣಾ, ಸೀಡೀನ ಕವರಿಂದ ತೆಗೀಬೇಡಿ, ಚೀಟಿ ಕೀಳಬೇಡಿ, ಹಂಗೇ ಕೊಡಿ." ಕವರಿನ ಮೇಲಿನ ಕೈಬರಹ, ನಂಬರು, ಕಟ್ಟಿನ ಅನುಕ್ರಮ ಮುಂದೆ ಕೆಲಸಕ್ಕೆ ಬರುತ್ತವೆ. ಚೀಟಿ ಕಿತ್ತರೆ ಇನ್ನೂ ದೊಡ್ಡ ನಷ್ಟ. ಸೀಡಿ-ಆರ್‌ನಲ್ಲಿ ಬೆಳಕು ಪ್ರತಿಫಲಿಸುವ ಪದರ ಇರುವುದು ಹೆಸರು ಬರೆಯುವ ಮುಖಕ್ಕೆ ಹತ್ತಿರ. ಅದರ ಮೇಲೆ ತೆಳ್ಳನೆಯ ಲ್ಯಾಕರ್ ಬಿಟ್ಟರೆ ಬೇರೇನೂ ಇಲ್ಲ. ಚೀಟಿ ಎಳೆದರೆ ಪದರವೂ ಸುಲಿದು ಬರುತ್ತದೆ. ಹೊಳೆಯುವ ಮುಖದ ಗೀರನ್ನು ಎಷ್ಟೋ ಸಲ ಪಾಲಿಶ್ ಮಾಡಿ ಉಳಿಸಬಹುದು, ಮೇಲ್ಮುಖದ ಗೀರಿಗೆ ಮದ್ದಿಲ್ಲ.

ಫ್ಲಾಪಿಗೆ ಅವಸರ ಮಾಡಬಾರದು. ನಾಲ್ಕು ಮಳೆಗಾಲ ಗೋಡೌನಿನಲ್ಲಿ ಕಳೆದದ್ದಕ್ಕೆ ಬೂಷ್ಟು ಹಿಡಿದೇ ಇರುತ್ತದೆ. ಲೋಹದ ಶಟರ್ ಸರಿಸಿ, ಹಿಂದಿನ ದುಂಡು ಹಬ್ ಅನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ಟಾರ್ಚ್ ಬಿಟ್ಟು ನೋಡಿ. ಬಿಳಿ ಚುಕ್ಕೆ ಅಥವಾ ಮಬ್ಬು ಬಳೆ ಕಂಡರೆ ಡ್ರೈವಿಗೆ ಹಾಕಲೇಬೇಡಿ. ಬೂಷ್ಟು ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಆ ಹೆಡ್ ಮುಂದಿನ ಫ್ಲಾಪಿಯ ಆಕ್ಸೈಡ್ ಕೆರೆಯುತ್ತದೆ, ಹೀಗೆ ಒಂದು ಕೆಟ್ಟದ್ದು ಒಂದು ಡಬ್ಬವನ್ನೇ ತಿಂದುಹಾಕುತ್ತದೆ. 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತಟ್ಟೆ ತಿರುಗುವ ದಿಕ್ಕಿನಲ್ಲೇ ಎರಡೂ ಮುಖ ಒರೆಸಿ, ಪೂರ್ತಿ ಒಣಗಲು ಬಿಡಿ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ. ಅದರಲ್ಲಿರುವ ಗ್ಲಿಸರಿನ್ ಜಿಗುಟಾಗಿ ಉಳಿಯುತ್ತದೆ. ರೈಟ್ ಪ್ರೊಟೆಕ್ಟ್ ಕಿಂಡಿ ತೆರೆದಿರಲಿ.

ಓದಲು ಗ್ರೀಸ್‌ವೀಸಲ್ ಬೋರ್ಡ್ (ಹಳೇ ಫ್ಲಾಪಿ ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಚಿಕ್ಕ ಸರ್ಕಿಟ್), 34 ಪಿನ್ನಿನ ಪಟ್ಟಿ ಕೇಬಲ್, ಹಳೇ ಪಿಸಿಯಿಂದ ಬಿಚ್ಚಿದ ಡ್ರೈವ್ ಸಾಕು. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್ ಈ ಕೆಲಸಕ್ಕಾಗದು. ಅದು ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಲೆಕ್ಕದಲ್ಲಿ ಓದುತ್ತದೆ, ಕೆಟ್ಟ ಸೆಕ್ಟರ್ ಬಂದರೆ ಕೈ ಚೆಲ್ಲುತ್ತದೆ, ಅಮಿಗಾ ಎಂಬ ಹಳೇ ಮನೆ ಕಂಪ್ಯೂಟರಿನ ಫ್ಲಾಪಿಯನ್ನಂತೂ ಗುರುತೇ ಹಿಡಿಯದು. ಗ್ರೀಸ್‌ವೀಸಲ್ ಕಾಂತೀಯ ಏರಿಳಿತವನ್ನೇ ನೇರ ದಾಖಲಿಸುತ್ತದೆ. ಒಂದೊಂದು ಟ್ರ್ಯಾಕಿಗೆ ಮೂರು ಸುತ್ತು ಓದಿಸಿ. ಒಂದು ಸುತ್ತಿನಲ್ಲಿ ತಪ್ಪಿದ ಸೆಕ್ಟರ್ ಇನ್ನೊಂದರಲ್ಲಿ ಸಿಕ್ಕಬಹುದು. ಸರಿಯಾಗಿ ಬಂದ ಪಿಸಿ ಇಮೇಜ್ (ಇಡೀ ಫ್ಲಾಪಿಯ ಪಡಿಯಚ್ಚಾದ ಒಂದು ಫೈಲ್) 14,74,560 ಬೈಟ್ ಇರಬೇಕು: 80 ಟ್ರ್ಯಾಕ್, 2 ಮುಖ, 18 ಸೆಕ್ಟರ್, ಸೆಕ್ಟರಿಗೆ 512. ಅಮಿಗಾದ್ದಾದರೆ 11 ಸೆಕ್ಟರ್ ಲೆಕ್ಕದಲ್ಲಿ 9,01,120. ನಮ್ಮ ಕಡೆ ಅಮಿಗಾ ಅಪರೂಪ. ಸಿಕ್ಕರೆ ಮೊದಲ 1,024 ಬೈಟಿನ ಬೂಟ್‌ಬ್ಲಾಕ್ ಬೇರೆಯಾಗಿ ತೆಗೆದಿಡಿ, ಗುಂಪಿನ ಗುರುತೋ ವೈರಸ್ಸೋ ಅಲ್ಲಿ ಕೂತಿರುತ್ತದೆ.

ಸೀಡಿಗೆ ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ಸಾಫ್ಟ್‌ವೇರ್. ಸೆಕ್ಟರ್ ಅಳತೆ 2,048 ಕೊಟ್ಟು, ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಕೆದಕದೆ ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಳ್ಳಿ. ಆಮೇಲೆ ಮೂರು ಮರುಪ್ರಯತ್ನ. ಯಾವ ಸೆಕ್ಟರ್ ಬಂತು, ಯಾವುದು ಬರಲಿಲ್ಲ ಎಂದು ಬರೆದಿಡುವ ಮ್ಯಾಪ್ ಫೈಲ್ ಇಟ್ಟುಕೊಂಡಿದ್ದರೆ ಅದೇ ಸೀಡಿಯನ್ನು ಬೇರೆ ಕಂಪನಿಯ ಡ್ರೈವಿನಲ್ಲಿ ಹಾಕಿ, ಉಳಿದ ರಂಧ್ರಗಳನ್ನಷ್ಟೇ ಓದಿಸಬಹುದು. ಒಂದು ಡ್ರೈವ್ ಸೋತಲ್ಲಿ ಇನ್ನೊಂದು ಗೆಲ್ಲುವುದು ಮಾಮೂಲು. ಡಿಸ್ಕಿನ ಆರಂಭದಲ್ಲೇ ಸಾವಿರಾರು ಸೆಕ್ಟರ್ ಸಾಲಾಗಿ ಕೆಟ್ಟಿದ್ದರೆ ಗೀರೆಂದುಕೊಳ್ಳಬೇಡಿ. ಮೂಲ ಫೋಲ್ಡರಿನಲ್ಲಿ ಏಳು ಸೊನ್ನೆ ಮತ್ತು ಒಂದು ಎಂಬ ಹೆಸರಿನ ಟಿಎಂಪಿ ಫೈಲ್ ಇದೆಯೇ ನೋಡಿ. ಇದ್ದರೆ ಅದು ಸೇಫ್‌ಡಿಸ್ಕ್ ಬೀಗ ಹಾಕಿದ ಆಟ. ಆ ಕೆಟ್ಟ ಸೆಕ್ಟರುಗಳನ್ನು ಬೇಕೆಂದೇ ಇಟ್ಟಿದ್ದಾರೆ. ಅಲ್ಲಿ ಗಂಟೆಗಟ್ಟಲೆ ಕಾಯುವುದು ದಂಡ.

ಇಮೇಜ್ ಕೈಗೆ ಬಂದ ಕೂಡಲೇ ನಾನು ನೋಡುವುದು 16ನೇ ಸೆಕ್ಟರ್. ಐಎಸ್‌ಒ 9660 (ಸೀಡಿಯಲ್ಲಿ ಫೈಲ್ ಜೋಡಿಸುವ ಮಾನಕ ಕ್ರಮ) ಸೀಡಿಯ ಮುಖ್ಯ ವಿವರಪಟ್ಟಿ ಅಲ್ಲಿರುತ್ತದೆ. ಇಮೇಜಿನ ಮೊದಲ ಬೈಟನ್ನು ಸೊನ್ನೆ ಎಂದು ಎಣಿಸಿದರೆ 33,581ನೇ ಬೈಟಿನಲ್ಲಿ ಸೀಡಿ ತಯಾರಾದ ದಿನಾಂಕ ಶುರು: ವರ್ಷ, ತಿಂಗಳು, ದಿನ, ಗಂಟೆ ಎಲ್ಲ ಸೇರಿ 16 ಅಂಕಿ. ಆ ಅಂಕಿಗಳ ನಂತರ ಬರುವ ಒಂದು ಬೈಟ್ ಗ್ರೀನ್‌ವಿಚ್‌ನಿಂದ ಎಷ್ಟು ಕಾಲು ಗಂಟೆ ದೂರ ಎಂದು ಹೇಳುತ್ತದೆ. ಭಾರತದ ಐದೂವರೆ ಗಂಟೆಗೆ 22 ಕಾಲು ಗಂಟೆ. ಆ ಬೈಟಿನಲ್ಲಿ 22 ಕಂಡರೆ ಆ ಸೀಡಿಯನ್ನು ಭಾರತದ ಸಮಯಕ್ಕೆ ಇಟ್ಟ ಕಂಪ್ಯೂಟರಿನಲ್ಲೇ ಕೂಡಿಸಿದ್ದಾರೆ. 32 ಇದ್ದರೆ ಎಂಟು ಗಂಟೆ ಮುಂದಿರುವ ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್ ಕಡೆಯ ಸಮಯ. ಬರ್ನ್ ಮಾಡುವ ಕೆಲವು ಸಾಫ್ಟ್‌ವೇರ್ ಅಲ್ಲಿ ಸೊನ್ನೆ ಬರೆದು ಬಿಡುತ್ತವೆ, ಸೊನ್ನೆಯಿಂದ ಏನನ್ನೂ ತೀರ್ಮಾನಿಸಬೇಡಿ. ಕಾಪಿ ಮಾಲು ಯಾವ ದಾರಿಯಲ್ಲಿ ಮೈಸೂರು ಮುಟ್ಟಿತು ಎಂಬುದಕ್ಕೆ ಇಷ್ಟು ಗಟ್ಟಿ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಈಗ ಎನ್‌ಎಫ್‌ಒ. ಈ ಪದ್ಧತಿ ಶುರುವಾದದ್ದು 1990ರಲ್ಲಿ, ಅಮೆರಿಕದ ದಿ ಹಂಬಲ್ ಗಯ್ಸ್ ಗುಂಪು ಬಬಲ್ ಬಾಬಲ್ ಆಟದ ಪಿಸಿ ಕಾಪಿಯ ಜೊತೆ ಇಟ್ಟ ಫೈಲಿನಿಂದ. ಅದಕ್ಕೂ ಮುಂಚೆ ಕಮೋಡೋರ್ 64 ಮತ್ತು ಅಮಿಗಾ ಎಂಬ ಮನೆ ಕಂಪ್ಯೂಟರುಗಳ ಕಾಲದಲ್ಲಿ ಗುಂಪುಗಳು ಆಟದ ಮುಂದೆ ಕ್ರ್ಯಾಕ್‌ಟ್ರೋ ಅಂಟಿಸುತ್ತಿದ್ದವು: ಕುಣಿಯುವ ಅಕ್ಷರ, ಸಂಗೀತ, ನಡುವೆ ಎದುರಾಳಿಗೆ ಬೈಗುಳ. ನಾರ್ವೆಯ ರೇಜರ್ 1911 (1985), ಸ್ವೀಡನ್ನಿನ ಫೇರ್‌ಲೈಟ್ (1987) ಬೆಳೆದದ್ದು ಆ ಗರಡಿಯಲ್ಲಿ. ಪಿಸಿಗೆ ಬಂದಾಗ ಅದೇ ಜಗಳ ಅಕ್ಷರರೂಪಕ್ಕೆ ಬಂತು.

ಇಂದಿನ ನೋಟ್‌ಪ್ಯಾಡಿನಲ್ಲಿ ಎನ್‌ಎಫ್‌ಒ ತೆರೆದರೆ ಟೋಪಿ ಹಾಕಿದ ಯೂ ಅಕ್ಷರ ಸಾಲುಸಾಲಾಗಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಅದನ್ನು ಬರೆದದ್ದು ಡಾಸ್‌ನ 437ನೇ ಕೋಡ್‌ಪೇಜಿನಲ್ಲಿ, ಅಂದರೆ ಹಳೇ ಅಕ್ಷರಸಂಕೇತ ಪಟ್ಟಿಯಲ್ಲಿ. ಅಲ್ಲಿ 219ನೇ ಸಂಕೇತ ತುಂಬಿದ ಚೌಕ, 176ರಿಂದ 178 ಮೂರು ಬಗೆಯ ಚುಕ್ಕೆ ನೆರಳು. ಓದುವ ಸಾಫ್ಟ್‌ವೇರಿನಲ್ಲಿ 437 ಆರಿಸಿ, ಅಗಲ 80 ಅಕ್ಷರಕ್ಕೆ ಇಡಿ, ಚಿತ್ರ ನೆಟ್ಟಗೆ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ಅದನ್ನು ತೆರೆದು ಮತ್ತೆ ಸೇವ್ ಮಾಡಬೇಡಿ. ಎಡಿಟರ್ ಯುಟಿಎಫ್-8ಗೆ ಬದಲಿಸಿಬಿಟ್ಟರೆ ಚೆಕ್‌ಸಮ್ ಬದಲಾಗುತ್ತದೆ, ಬೇರೆಯವರ ಪ್ರತಿಯ ಜೊತೆ ತಾಳೆ ನೋಡಲು ಆಗುವುದಿಲ್ಲ. ಫೈಲಿನ ಕೊನೆಯ 128 ಬೈಟಿನಲ್ಲಿ ಸಾಸ್ ದಾಖಲೆ ಇರಬಹುದು. ಚಿತ್ರ ಬರೆದವರ ಅಡ್ಡಹೆಸರು, ಗುಂಪು, ದಿನಾಂಕ ಅದರಲ್ಲಿರುತ್ತವೆ. ಆ ದಿನಾಂಕ ಚಿತ್ರದ್ದು, ಆಟದ್ದಲ್ಲ. ಒಂದೇ ಚಿತ್ರವನ್ನು ಗುಂಪುಗಳು ವರ್ಷಗಟ್ಟಲೆ ಬಳಸುತ್ತಿದ್ದವು.

ಓದುವಾಗ ಪೈಪೋಟಿಯ ನಿಯಮ ತಲೆಯಲ್ಲಿರಬೇಕು. ಒಂದು ಆಟವನ್ನು ಮೊದಲು ಹೊರಬಿಟ್ಟವರಿಗೇ ಅಂಕ. ಎರಡನೆಯವರದ್ದು ಡ್ಯೂಪ್, ಲೆಕ್ಕಕ್ಕಿಲ್ಲ. ಮೊದಲನೆಯದು ಕೆಟ್ಟಿದ್ದರೆ, ಉದಾಹರಣೆಗೆ ಫೈಲ್ ಬಿಟ್ಟುಹೋಗಿದ್ದರೆ, ಕ್ರ್ಯಾಕ್ ನಡುವೆ ಕೈಕೊಟ್ಟರೆ, ನಿಯಮ ಮೀರಿ ಪ್ಯಾಕ್ ಮಾಡಿದ್ದರೆ, ಅದಕ್ಕೆ ನ್ಯೂಕ್ ಬೀಳುತ್ತದೆ, ಅಂದರೆ ಅದು ಅಸಿಂಧು. ಆಗ ಎದುರಾಳಿ "ಪ್ರಾಪರ್" ಎಂಬ ಹಣೆಪಟ್ಟಿಯಲ್ಲಿ ತನ್ನದನ್ನು ಬಿಡಬಹುದು. ಆದರೆ ಕಾರಣವನ್ನು ಎನ್‌ಎಫ್‌ಒದಲ್ಲಿ ಬರೆಯಲೇಬೇಕು. ನನಗೆ ಚಿನ್ನ ಸಿಗುವುದು ಇಲ್ಲೇ. ಸಾಮಾನ್ಯ ಎನ್‌ಎಫ್‌ಒದಲ್ಲಿ ಜಂಬ ತುಂಬಿರುತ್ತದೆ, ಪ್ರಾಪರ್ ಎನ್‌ಎಫ್‌ಒದಲ್ಲಿ ಪರೀಕ್ಷಿಸಿ ನೋಡಬಹುದಾದ ಆರೋಪ ಇರುತ್ತದೆ. "ಅವರ ಪ್ಯಾಕಿನಲ್ಲಿ ಇಂಥ ಫೈಲ್ ಇಲ್ಲ" ಎಂದಿದ್ದರೆ ಅವರ ಪ್ಯಾಕ್ ತೆರೆದು ನೋಡಿದರಾಯಿತು. ಆರೋಪ ನಿಜವಾದರೆ ಎರಡನೆಯವರ ಮಾತಿಗೆ ತೂಕ, ಸುಳ್ಳಾದರೆ ಅಂಕಕ್ಕಾಗಿ ಕಾಲೆಳೆದದ್ದು. ಒಂದು ಗುಂಪಿನ ಇಂಥ ಹತ್ತು ಆರೋಪ ಪರಿಶೀಲಿಸಿದರೆ ಅದರ ಉಳಿದ ಮಾತನ್ನು ಎಷ್ಟು ನಂಬಬಹುದು ಎಂಬುದು ಗೊತ್ತಾಗುತ್ತದೆ.

ಪರಿಶೀಲನೆಗೆ ಎಸ್‌ಎಫ್‌ವಿ ಫೈಲ್ ಬೇಕು. ಒಂದೊಂದು ಸಾಲಿಗೆ ಒಂದು ಫೈಲ್ ಹೆಸರು, ಅದರ ಮುಂದೆ ಎಂಟು ಅಂಕಿಯ ಸಿಆರ್‌ಸಿ-32. ಇದು ರಾರ್ ತುಂಡುಗಳಿಗೆ (ಕುಗ್ಗಿಸಿ ಹಲವು ಭಾಗ ಮಾಡಿದ ಪ್ಯಾಕಿಗೆ) ಅನ್ವಯಿಸುತ್ತದೆಯೇ ಹೊರತು ಬಿಚ್ಚಿದ ಫೈಲುಗಳಿಗಲ್ಲ. ನಮ್ಮ ಕಡೆ ಸಿಗುವ "50 ಆಟ ಒಂದೇ ಸೀಡಿ" ಮಾಲಿನಲ್ಲಿ ಎಲ್ಲ ಬಿಚ್ಚಿ ತುಂಬಿರುವುದರಿಂದ ಎಸ್‌ಎಫ್‌ವಿ ಇದ್ದೂ ಉಪಯೋಗವಿಲ್ಲ. ತುಂಡುಗಳೇ ಉಳಿದಿರುವ ಸೀಡಿ ಸಿಕ್ಕರೆ ಅದಕ್ಕೇ ಮೊದಲ ಮಣೆ. 2000ದ ಆಸುಪಾಸಿನ ಐಎಸ್‌ಒ (ಇಡೀ ಸೀಡಿಯ ಇಮೇಜ್) ಬಿಡುಗಡೆಗಳಲ್ಲಿ ತುಂಡಿಗೆ ಸಾಮಾನ್ಯವಾಗಿ 1,50,00,000 ಬೈಟ್, ಕೊನೆಯದು ಮಾತ್ರ ಚಿಕ್ಕದು. ನಡುವಿನ ತುಂಡಿನ ಅಳತೆ ಬೇರೆಯಾಗಿದ್ದರೆ ದಾರಿಯಲ್ಲಿ ಯಾರೋ ಮತ್ತೆ ಕಟ್ಟಿದ್ದಾರೆ.

ಸಮಯದ ವಿಷಯದಲ್ಲಿ ಎಚ್ಚರ ಬೇಕು. ಡಾಸ್ ಮಾದರಿಯ ಸಮಯ ಎರಡು ಸೆಕೆಂಡಿಗೊಮ್ಮೆ ಮಾತ್ರ ಮುಂದೆ ಸರಿಯುತ್ತದೆ, ಯಾವ ದೇಶದ ಸಮಯ ಎಂಬ ಗುರುತು ಅದರಲ್ಲಿಲ್ಲ. ನಾರ್ವೆಯವರ ಮಧ್ಯರಾತ್ರಿ ಕ್ಯಾಲಿಫೋರ್ನಿಯಾದವರಿಗೆ ಹಿಂದಿನ ದಿನದ ಮಧ್ಯಾಹ್ನ ಮೂರು. ಅದಕ್ಕೇ ಎರಡು ಗುಂಪಿನ ನಡುವೆ ಒಂದು ದಿನಕ್ಕಿಂತ ಕಡಿಮೆ ಅಂತರ ಇದ್ದರೆ ಯಾರು ಮೊದಲು ಎಂದು ನಾನು ಬರೆಯುವುದಿಲ್ಲ. ಆಟದ ಅಥವಾ ಸಾಫ್ಟ್‌ವೇರಿನ ಸ್ವಂತ ಫೈಲುಗಳ ದಿನಾಂಕವೂ ಗುಂಪಿನ ಬಗ್ಗೆ ಏನೂ ಹೇಳುವುದಿಲ್ಲ. ವಿಂಡೋಸ್ 95 ನೋಡಿ: ಅಧಿಕೃತ ಬಿಡುಗಡೆ 1995ರ ಆಗಸ್ಟ್ 24, ಒಳಗಿನ ಫೈಲುಗಳಲ್ಲೆಲ್ಲ ಜುಲೈ 11, ಬೆಳಿಗ್ಗೆ 9:50. ಕಂಪನಿಯೇ ಹಾಗೆ ಒಂದೇ ಮೊಹರು ಒತ್ತಿದೆ. 1993ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಡ್ರಿಂಕ್‌ಆರ್‌ಡೈ ಗುಂಪಿಗೆ ಹೆಸರು ತಂದದ್ದು ಬಿಡುಗಡೆಗೆ ಎರಡು ವಾರ ಮುಂಚೆಯೇ ವಿಂಡೋಸ್ 95 ಅನ್ನು ಹೊರಬಿಟ್ಟದ್ದು. ಆದರೆ ಅದಕ್ಕೆ ಸಾಕ್ಷಿಯಾಗಿ ಈ ಜುಲೈ ದಿನಾಂಕ ತೋರಿಸಿದರೆ ಒಪ್ಪಬೇಡಿ.

ಪೂರ್ಣ ಆಟ ಬಿಡುವವರು, ರಿಪ್ ಬಿಡುವವರು ಎಂದು ಎರಡು ಕಣಗಳಿದ್ದವು. ಅದಕ್ಕೆ ಕಾರಣ ಮೋಡೆಮ್. ಸೆಕೆಂಡಿಗೆ 28,800 ಬಿಟ್ ವೇಗದಲ್ಲಿ 650 ಎಂಬಿಯ ಸೀಡಿ ಇಳಿಸಲು ಲೈನ್ ಒಮ್ಮೆಯೂ ಕಡಿಯದಿದ್ದರೂ 52 ಗಂಟೆ ಮೀರುತ್ತದೆ. ಹಾಡು, ವಿಡಿಯೊ ಕಿತ್ತು ಚಿಕ್ಕದು ಮಾಡಿದ್ದೇ ರಿಪ್, ಅದಾದರೆ ಒಂದು ರಾತ್ರಿಯ ಕೆಲಸ. ಕ್ಲಾಸ್, ಮಿತ್ ಗುಂಪುಗಳ ಪೈಪೋಟಿ ರಿಪ್ ಕಣದ್ದು. ಮೈಸೂರಿನ ಕಟ್ಟುಗಳಲ್ಲಿ ಐವತ್ತು ಆಟದ ಸೀಡಿಗಳು ಸಿಗುವುದು ರಿಪ್‌ಗಳಿಂದಲೇ. ಇವೆರಡರ ಅಂಕಗಳನ್ನು ಒಂದೇ ಪಟ್ಟಿಗೆ ಸೇರಿಸಿದರೆ ಲೆಕ್ಕ ಹಾಳು.

ಹೆಸರನ್ನು ನೋಡಿ ವಂಶಾವಳಿ ಬರೆಯಬೇಡಿ. ಸ್ಕಿಡ್‌ರೋ ಎಂಬ ಹೆಸರು 1990ರ ಅಮಿಗಾ ಗುಂಪಿನದ್ದೂ ಹೌದು, 2007ರಿಂದ ಪಿಸಿಯಲ್ಲಿ ರಿಲೋಡೆಡ್ ಎಂಬ ಗುಂಪಿನ ಜೊತೆ ಸೆಣಸಿದ ಗುಂಪಿನದ್ದೂ ಹೌದು. ಹೆಸರು ಒಂದೇ ಎಂದು ಜನ ಒಂದೇ ಆಗುವುದಿಲ್ಲ. ಎನ್‌ಎಫ್‌ಒಗಳು ಇದ್ದಕ್ಕಿದ್ದಂತೆ ನಿಲ್ಲುವ ತಿಂಗಳುಗಳನ್ನು ಪೊಲೀಸ್ ದಾಳಿಗಳ ಜೊತೆ ಇಟ್ಟು ನೋಡಬೇಕು: 2001ರ ಡಿಸೆಂಬರ್ 11ರ ಆಪರೇಷನ್ ಬಕನೀರ್, 2004ರ ಏಪ್ರಿಲ್‌ನ ಫಾಸ್ಟ್‌ಲಿಂಕ್, 2005ರ ಜೂನ್‌ನ ಸೈಟ್‌ಡೌನ್. ಕ್ಲಾಸ್ ಕೈಬಿಟ್ಟದ್ದು 2004ರ ಜನವರಿಯಲ್ಲಿ, ಅಂದರೆ ಫಾಸ್ಟ್‌ಲಿಂಕ್‌ಗೆ ಮುಂಚೆಯೇ. ಆ ದಾಳಿಯಿಂದಲೇ ಮುಚ್ಚಿತು ಎನ್ನುವ ಮಾತು ದಿನಾಂಕದ ಮುಂದೆ ನಿಲ್ಲುವುದಿಲ್ಲ.

ಕ್ರ್ಯಾಕ್ ಕದ್ದರೆಂಬ ಜಗಳ ಬಂದರೆ ಎರಡೂ ಇಎಕ್ಸ್‌ಇ ಫೈಲನ್ನು (ಆಟ ಓಡಿಸುವ ಫೈಲ್) ಬೈಟುಗಳನ್ನು ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಅಕ್ಕಪಕ್ಕ ಇಟ್ಟು, ಮೂಲದಿಂದ ಬದಲಾದ ಬೈಟುಗಳನ್ನಷ್ಟೇ ಹೋಲಿಸಿ. ಬೀಗ ಒಡೆಯಲು ಒಂದು ಬೈಟ್ ಸಾಕಾದ ಕಡೆ ಇಬ್ಬರದೂ ಒಂದೇ ಆಗಿರುವುದು ಸಹಜ. ಕೆಲಸವೇ ಇಲ್ಲದ ಜಾಗದಲ್ಲಿ ಬಿಟ್ಟ ಗುರುತು ಎರಡರಲ್ಲೂ ಇದ್ದರೆ ಕಳ್ಳತನ ಖಚಿತ. 2008ರಲ್ಲಿ ಯೂಬಿಸಾಫ್ಟ್ ತನ್ನ ರೈನ್‌ಬೋ ಸಿಕ್ಸ್ ವೇಗಸ್ 2 ಆಟಕ್ಕೆ ಬಿಟ್ಟ ಅಧಿಕೃತ ಪ್ಯಾಚ್ ರಿಲೋಡೆಡ್‌ನ ಕ್ರ್ಯಾಕೇ ಎಂದು ಬಯಲಾದದ್ದು ಹೀಗೆ, ಫೈಲಿನೊಳಗೆ ಆ ಗುಂಪಿನ ಹೆಸರು ಉಳಿದಿತ್ತು. ಇಂಥ ಫೈಲನ್ನು ಓಡಿಸುವ ಅಗತ್ಯವೇ ಇಲ್ಲ. ಓಡಿಸಲೇಬೇಕಾದರೆ ನೆಟ್ ಕಡಿದ ವರ್ಚುವಲ್ ಮೆಷೀನಿನಲ್ಲಿ ಮಾತ್ರ. ಹಳೇ ಸೀಡಿಗಳಲ್ಲಿ ಸಿಐಎಚ್‌ನಂಥ ವೈರಸ್ ಇನ್ನೂ ಜೀವಂತ ಇರುತ್ತದೆ.

ಹೊರಗೆ ಕೊಡುವುದು ಎನ್‌ಎಫ್‌ಒ, ಎಸ್‌ಎಫ್‌ವಿ, ಫೈಲುಗಳ ಪಟ್ಟಿ, 16ನೇ ಸೆಕ್ಟರಿನ ಪ್ರತಿ, ಇಷ್ಟೇ. ಆಟವನ್ನೂ ಕ್ರ್ಯಾಕನ್ನೂ ಯಾರಿಗೂ ಕೊಡುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನ ಪ್ರಕಾರ ಕಳ್ಳಪ್ರತಿ ಎಂದು ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಪಟ್ಟಿಯಲ್ಲಿ ಅಡ್ಡಹೆಸರು ಮಾತ್ರ ಇರಲಿ. ಅದರ ಹಿಂದಿನ ನಿಜ ಹೆಸರು, ಊರು ಸಿಕ್ಕರೂ ಸೇರಿಸಬೇಡಿ. ಸೀಡಿ ಕವರಿನ ಮೇಲೆ ಬರೆದಿರುವ ಸೆಂಟರ್ ಮಾಲೀಕರ ಹೆಸರು, ಫೋನ್ ನಂಬರನ್ನು ಸ್ಕ್ಯಾನ್ ಮಾಡುವ ಮೊದಲೇ ಮುಚ್ಚಿಬಿಡಿ.