ಅರಬ್ಬಿ ಸಮುದ್ರ ಹುಟ್ಟಿದ ಬಗೆಯನ್ನು ಕಲ್ಲಿನಲ್ಲಿ ಓದುವುದು ಹೇಗೆ?

ಭೂಖಂಡವೊಂದು ಸೀಳಿ ನಡುವೆ ಸಮುದ್ರ ಮೂಡಲು ಕೋಟ್ಯಂತರ ವರ್ಷಗಳು ಹಿಡಿಯುತ್ತವೆಯಾದರೂ, ಆ ಸೀಳಿಕೆಯ ಗುರುತುಗಳನ್ನು ನಮ್ಮ ನಾಡಿನ ಕಲ್ಲುಗಳಲ್ಲಿಯೇ ಕಾಣಬಹುದು. ಯಾವ ಕಲ್ಲು ಮೊದಲು, ಯಾವುದು ಆಮೇಲೆ ಎಂಬ ಅನುಕ್ರಮವನ್ನು ಮಾತ್ರ ತಪ್ಪಿಸಬಾರದು.

ಆರಂಭವನ್ನು ಬೆಂಗಳೂರಿನ ಲಾಲ್‌ಬಾಗ್ ಬಂಡೆಯಿಂದ ಮಾಡುವುದು ಒಳ್ಳೆಯದು. ಬಿಳಿ, ಕಪ್ಪು ಪಟ್ಟಿಗಳು ಬಳುಕಿ ಹರಿದಿರುವ ಈ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇದೇ ಬಗೆಯ ಹಳೆಯ ಶಿಲೆ ಆಫ್ರಿಕಾದ ಪೂರ್ವಕ್ಕಿರುವ ದ್ವೀಪ ಮಡಗಾಸ್ಕರ್‌ನ ಈಶಾನ್ಯ ಭಾಗದಲ್ಲೂ ಇದ್ದು, ಗೊಂಡ್ವಾನ ಎಂಬ ಮಹಾಖಂಡದಲ್ಲಿ ಎರಡೂ ನೆಲಗಳು ಅಕ್ಕಪಕ್ಕದಲ್ಲಿದ್ದವು.

ಎರಡನೆಯ ಹೆಜ್ಜೆ ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲವಾದ್ದರಿಂದ ಬೇಸಿಗೆ ಅಥವಾ ಚಳಿಗಾಲವನ್ನು ಆರಿಸಿಕೊಳ್ಳಬೇಕು. ದಡದಲ್ಲಿ ಒತ್ತೊತ್ತಾಗಿ ನಿಂತಿರುವ ಕಂಬಗಲ್ಲುಗಳ ತಲೆಯನ್ನು ಬಾಗಿ ನೋಡಿ, ಅಂಚುಗಳನ್ನು ಎಣಿಸಿರಿ: ಹೆಚ್ಚಿನವಕ್ಕೆ ಆರು, ಕೆಲವಕ್ಕೆ ಐದು ಅಥವಾ ಏಳು ಮುಖಗಳಿರುತ್ತವೆ. ಬತ್ತಿದ ಕೆರೆಯ ಕೆಸರು ಬಿರಿಯುವಂತೆಯೇ, ದಪ್ಪನಾದ ಲಾವಾ ಪದರ ತಣಿಯುತ್ತ ಕುಗ್ಗಿದಾಗ ಬಿರುಕುಗಳು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಸಾಗಿ ಈ ಕಂಬಗಳು ಬೇರ್ಪಟ್ಟವು. ನೋಡಿದವರು ಇದನ್ನು ಬಸಾಲ್ಟ್ ಎಂಬ ಕಪ್ಪು ಲಾವಾ ಶಿಲೆಯೆಂದು ಕರೆಯುವುದುಂಟು. ಆದರೆ ಇದು ಸಿಲಿಕಾ ಅಂಶ ಹೆಚ್ಚಿರುವ ರಯೋಲೈಟ್ ಬಗೆಯ ಶಿಲೆ. ಇದರ ವಯಸ್ಸು ಸುಮಾರು 9 ಕೋಟಿ ವರ್ಷ. ಮಡಗಾಸ್ಕರ್‌ನ ಪೂರ್ವ ಕರಾವಳಿಯ ಲಾವಾ ಶಿಲೆಗಳ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಆಗಿರುವುದರಿಂದ, ಎರಡು ನೆಲಗಳು ಬೇರೆಯಾದ ಕಾಲದ ಸಾಕ್ಷಿ ಇಲ್ಲಿದೆ ಎಂದು ಭೂವಿಜ್ಞಾನಿಗಳು ಒಪ್ಪುತ್ತಾರೆ. ದಯವಿಟ್ಟು ಒಂದು ಚೂರನ್ನೂ ಒಡೆದು ತರಬೇಡಿ. ಇಂಥ ದಾಖಲೆ ಇನ್ನೊಮ್ಮೆ ಸಿಗುವುದಿಲ್ಲ.

ಮೂರನೆಯದಾಗಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್. 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ ಪ್ರವಾಹಗಳಿವು. ಇದಾದ ಸುಮಾರು ಮೂವತ್ತು ಲಕ್ಷ ವರ್ಷಗಳಲ್ಲಿ, ಇಂದು ಹಿಂದೂ ಮಹಾಸಾಗರದಲ್ಲಿ ದ್ವೀಪಸಮೂಹವಾಗಿರುವ ಸೇಶೆಲ್ಸ್ ಕೂಡ ಭಾರತದಿಂದ ಕಳಚಿಕೊಂಡಿತು.

ನಂತರದ ಪುಟ ನೀರಿನಡಿಯಲ್ಲಿದೆ. ಭಾರತ ಮತ್ತು ಸೇಶೆಲ್ಸ್ ನಡುವಿನ ಕಾರ್ಲ್ಸ್‌ಬರ್ಗ್ ಏಣಿನಲ್ಲಿ, ಅಂದರೆ ಸಾಗರದಡಿಯ ಬೆಟ್ಟಸಾಲಿನಲ್ಲಿ, ಶಿಲಾರಸ ಮೇಲೆದ್ದು, ಎರಡೂ ಬದಿಗೆ ಹೊಸ ಸಾಗರತಳವಾಗಿ ಹರಡುತ್ತಿದೆ. ತಣಿಯುವಾಗ ಆ ಶಿಲೆ ಆಗಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ; ಆ ದಿಕ್ಕು ಕಾಲಕಾಲಕ್ಕೆ ತಿರುಗುಮುರುಗಾಗುವುದರಿಂದ ತಳದಲ್ಲಿ ಪಟ್ಟೆಪಟ್ಟೆಯಾಗಿ ಗುರುತು ಉಳಿಯುತ್ತದೆ. ಇಲ್ಲಿ 1962ರಲ್ಲಿ ನಡೆದ ಸಮೀಕ್ಷೆಯ ಆಧಾರದ ಮೇಲೆಯೇ ಬ್ರಿಟಿಷ್ ಭೂವಿಜ್ಞಾನಿಗಳಾದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಸಾಗರತಳದ ಕಾಂತೀಯ ಪಟ್ಟೆಗಳಿಗೆ ವಿವರಣೆ ಕೊಟ್ಟರು. ಭೂಫಲಕಗಳ ಸಿದ್ಧಾಂತಕ್ಕೆ ಗಟ್ಟಿ ನೆಲೆ ಒದಗಿಸಿದ ಪುರಾವೆ ನಮ್ಮ ಕಡಲಿನಿಂದಲೇ ಬಂದಿದೆಯೆಂಬುದು ಶಾಲೆಯ ಪಾಠಗಳಲ್ಲಿ ಬರಬೇಕಾದ ಸಂಗತಿ.

ಒಂದೆಡೆ ಸಾಗರ ತೆರೆದರೆ ಇನ್ನೊಂದೆಡೆ ಮುಚ್ಚಲೇಬೇಕು, ಏಕೆಂದರೆ ಭೂಮಿಯ ಗಾತ್ರ ಹಿಗ್ಗುವುದಿಲ್ಲ. ಭಾರತ ಉತ್ತರಕ್ಕೆ ಸರಿದಂತೆ, ಅದಕ್ಕೂ ಏಷ್ಯಾಕ್ಕೂ ನಡುವೆ ಇದ್ದ ಟೆಥಿಸ್ ಸಾಗರದ ಭಾರವಾದ ತಳ ಏಷ್ಯಾದ ಅಡಿಗೆ ಇಳಿಯಿತು. ಹಗುರವಾದ ಭೂಖಂಡದ ಶಿಲೆ ಮುಳುಗದೆ ಮಡಿಚಿಕೊಂಡು ಹಿಮಾಲಯವಾಯಿತು. ಎವರೆಸ್ಟ್ ತುದಿಯಲ್ಲಿ ಕಡಲಜೀವಿಗಳ ಅವಶೇಷವಿರುವ ಸುಣ್ಣಕಲ್ಲು ಸಿಗುವುದು ಇದರಿಂದಲೇ. ಲಾಲ್‌ಬಾಗ್ ಬಂಡೆ ಇಷ್ಟು ಹಳೆಯದಾಗಿ ಉಳಿದಿದ್ದರೂ, ಇಂದಿನ ಮಹಾಸಾಗರಗಳ ತಳದಲ್ಲಿ 20 ಕೋಟಿ ವರ್ಷಗಳಿಗಿಂತ ಹಳೆಯ ಶಿಲೆ ಬಹುಮಟ್ಟಿಗೆ ಇಲ್ಲದಿರುವುದಕ್ಕೂ ಕಾರಣ, ಹೀಗೆ ಭಾರವಾದ ಸಾಗರತಳ ಅಡಿಗೆ ಇಳಿದುಹೋಗಿ ಹಗುರವಾದ ಭೂಖಂಡ ಮೇಲೆಯೇ ಉಳಿಯುವುದು.