ಮೊದಲು ಕೋಣೆ, ಆಮೇಲೆ ಕ್ಯಾಮೆರಾ

ಉಡುಪಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನ, ಪಾಸ್‌ಪೋರ್ಟ್ ಫೋಟೋ, ಇದೇ ಕೆಲಸ. ಕಲಿಯಲು ಬರುವ ಹುಡುಗರಿಗೆ ಅಪರ್ಚರ್ (ಬೆಳಕು ಒಳಬರುವ ತೂತು), ಸ್ಟಾಪ್ (ಆ ತೂತನ್ನು ಕಿರಿದು ಮಾಡುವುದು), ಎಕ್ಸ್‌ಪೋಷರ್ (ಬೆಳಕು ಬೀಳಲು ಬಿಡುವುದು) ಅಂತ ಹೇಳಿಕೊಟ್ಟರೆ ತಲೆಯಾಡಿಸುತ್ತಾರೆ. ಆದರೆ ಡಯಲ್ ತಿರುಗಿಸುವುದು ಅಂದಾಜಿನಲ್ಲೇ. ಹಾಗಾಗಿ ಈಗ ನಾನು ಮೊದಲಿಗೇ ಕ್ಯಾಮೆರಾ ಕೈಗೆ ಕೊಡುವುದಿಲ್ಲ. ಮನೆಯ ಒಂದು ಕೋಣೆಯನ್ನೇ ಕ್ಯಾಮೆರಾ ಮಾಡಿ ಅದರೊಳಗೆ ಕೂರಿಸುತ್ತೇನೆ.

ಲ್ಯಾಟಿನ್‌ನಲ್ಲಿ ಕ್ಯಾಮೆರಾ ಅಂದರೆ ಕೋಣೆಯೇ. 1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ‘ಕ್ಯಾಮೆರಾ ಅಬ್ಸ್‌ಕ್ಯೂರಾ’, ಅಂದರೆ ಕತ್ತಲೆ ಕೋಣೆ, ಅಂತ ಬರೆದರು. ಹೆಸರು ಆಗ ಬಂತು, ವಿಷಯ ಮಾತ್ರ ತುಂಬಾ ಹಳೆಯದು. ಸುಮಾರು ಸಾವಿರ ವರ್ಷದ ಹಿಂದೆಯೇ ಅರಬ್ ವಿಜ್ಞಾನಿ ಇಬ್ನ್ ಅಲ್ ಹೈಥಮ್ ಸಣ್ಣ ತೂತಿನಿಂದ ಬೀಳುವ ಗ್ರಹಣದ ಸೂರ್ಯನ ಚಿತ್ರದ ಬಗ್ಗೆ ಬರೆದಿಟ್ಟಿದ್ದರು. ಹಂಚಿನ ಮನೆಯಲ್ಲಿ ಬೆಳೆದ ನಮಗೂ ಇದು ಹೊಸತಲ್ಲ. ಮಾಡಿನ ಸಂದಿಯಿಂದ ನೆಲಕ್ಕೆ ದುಂಡಗೆ ಬೆಳಕು ಬೀಳುತ್ತದೆ ಅಲ್ವಾ? ಸಣ್ಣ ಸಂದಿ ಯಾವ ಆಕಾರದಲ್ಲಿದ್ದರೂ ಬೆಳಕು ದುಂಡಗೇ ಬೀಳುತ್ತದೆ. ಅದು ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ನಮ್ಮ ಅಂಗಳದ ಮಾವಿನ ಮರದಡಿ ಬಿದ್ದ ಬೆಳಕೆಲ್ಲ ಬಿದಿಗೆ ಚಂದ್ರನ ಹಾಗೆ ಬಾಗಿತ್ತು.

ಕೋಣೆ ಕತ್ತಲೆ ಮಾಡಲು ಕಪ್ಪು ರಟ್ಟು, ಅಂಟುಪಟ್ಟಿ ಸಾಕು. ಬಾಗಿಲಡಿಯ ಸಂದಿಗೆ ಹಳೇ ಬಟ್ಟೆ ತುರುಕಬೇಕು. ಗಾಜಿನ ಹಂಚಿದ್ದರೆ ಅದನ್ನೂ ಮುಚ್ಚಬೇಕು. ಹೊರಗಿನ ನೋಟದ ಮೇಲೆ ನೇರ ಬಿಸಿಲು ಬಿದ್ದಿರಬೇಕು. ಕಿಟಕಿ ಪೂರ್ವಕ್ಕಿದ್ದರೆ ಮಧ್ಯಾಹ್ನದ ಮೇಲೆ ಒಳ್ಳೆಯದು. ರಟ್ಟಿನಲ್ಲಿ ಒಂದು ಸೆಂಟಿಮೀಟರ್ ಅಗಲದ ತೂತು ಮಾಡಿ ಸುಮ್ನೆ ಕೂತಿರಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಎದುರಿನ ಗೋಡೆಯಲ್ಲಿ ತೆಂಗಿನ ಮರಗಳು ತಲೆಕೆಳಗಾಗಿ ಕಾಣಿಸಿಕೊಳ್ಳುತ್ತವೆ. ಮೊನ್ನೆ ಬಂದ ಹುಡುಗ, “ಅಣ್ಣ, ರಿಕ್ಷಾ ಮೇಲೆ ಹೋಗ್ತಾ ಉಂಟು!” ಅಂತ ಕೂಗಿದ. ನಿಜ, ರಸ್ತೆ ಮಾಡಿನ ಹತ್ತಿರ, ಆಕಾಶ ನೆಲದ ಹತ್ತಿರ.

ಅಪರ್ಚರ್ ಪಾಠ ಶುರುವಾಗುವುದು ಅಲ್ಲೇ. ತೂತು ದೊಡ್ಡದು ಮಾಡಿದರೆ ಬೆಳಕು ಜಾಸ್ತಿ, ಚಿತ್ರ ಮಸುಕು. ಸಣ್ಣದು ಮಾಡಿದರೆ ಚಿತ್ರ ಚೂಪಾಗುತ್ತದೆ, ಆದರೆ ಕತ್ತಲಾಗುತ್ತದೆ. ಗೋಡೆ ಮೂರು ಮೀಟರ್ ದೂರ, ತೂತು ಒಂದು ಸೆಂಟಿಮೀಟರ್. ಭಾಗಿಸಿದರೆ 300. ಕ್ಯಾಮೆರಾದಲ್ಲಿ ಕಾಣುವ ಎಫ್/8, ಎಫ್/11 ಇದೇ ಲೆಕ್ಕ: ಲೆನ್ಸಿನ ಫೋಕಲ್ ದೂರವನ್ನು ತೂತಿನ ಅಗಲದಿಂದ ಭಾಗಿಸಿದ್ದು. ನಮ್ಮ ಕೋಣೆ ಎಫ್/300. ಸಂಖ್ಯೆ ಏರಿದ ಹಾಗೆ ಬೆಳಕು ಯಾಕೆ ಇಳಿಯುತ್ತದೆ ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ತೂತು ಸ್ವಲ್ಪ ದೊಡ್ಡದು ಮಾಡಿ, ಪ್ಲಸ್ ಒಂದು ಪವರಿನ ಓದುವ ಕನ್ನಡಕದ ಗಾಜನ್ನು ಅಲ್ಲಿ ಅಂಟಿಸುತ್ತೇನೆ. ಅದರ ಫೋಕಲ್ ದೂರ ಒಂದು ಮೀಟರ್. ಗಾಜಿನಿಂದ ಸುಮಾರು ಅಷ್ಟು ದೂರದಲ್ಲಿ ಬಿಳಿ ಮುಂಡು ಹಿಡಿದರೆ ಅಂಗಳದಾಚೆ ತಂತಿಯಲ್ಲಿ ಒಣಗಲು ಹಾಕಿದ ಸೀರೆಯ ಅಂಚು ಕೂಡ ಕಾಣುತ್ತದೆ, ಬಣ್ಣದ ಸಮೇತ. 16ನೇ ಶತಮಾನದಲ್ಲಿ ವೆನಿಸ್‌ನ ಡ್ಯಾನಿಯೆಲೆ ಬಾರ್ಬರೊ ಕೂಡ ಮುದುಕರು ಹಾಕುವ ಕನ್ನಡಕದ ಗಾಜನ್ನೇ ತೂತಿಗೆ ಇಡಿ ಅಂತ ಹೇಳಿದ್ದರು. ಗಾಜಿನ ಮುಂದೆ ಸಣ್ಣ ತೂತಿನ ರಟ್ಟು ಹಿಡಿದರೆ ಅಂಚಿನ ಬೆಳಕು ನಿಲ್ಲುತ್ತದೆ, ಚಿತ್ರ ಇನ್ನೂ ಚೂಪಾಗುತ್ತದೆ. ಸ್ಟಾಪ್ ಅಂದರೆ ಇಷ್ಟೇ.

ಚಿತ್ರ ಬೀಳುವುದು ಕಷ್ಟವಲ್ಲ, ಅದನ್ನು ನಿಲ್ಲಿಸುವುದೇ ಕಷ್ಟ. ಫೋಟೋಗ್ರಫಿ ಅಂದರೆ ನನ್ನ ಪ್ರಕಾರ ಆ ನಿಲ್ಲಿಸುವ ಕೆಲಸ. ಫ್ರಾನ್ಸಿನ ನಿಯೆಪ್ಸ್ 1826–27ರಲ್ಲಿ ಕಿಟಕಿಯಾಚೆಯ ನೋಟವನ್ನು ಲೋಹದ ತಗಡಿನ ಮೇಲೆ ಹಿಡಿದರು. ಅದಕ್ಕೆ ಗಂಟೆಗಟ್ಟಲೆ ಬಿಸಿಲು ಬೇಕಾಯಿತು. ಇಂಗ್ಲೆಂಡಿನ ಟಾಲ್ಬಟ್ ಬೆಳ್ಳಿಯ ಲವಣ ಹಚ್ಚಿದ ಕಾಗದದಲ್ಲಿ ಚಿತ್ರ ತೆಗೆದರು. ಅದು ಬೆಳಕಿಗೆ ಮತ್ತೆ ಕಪ್ಪಾಗದಿರಲು ಉಪ್ಪುನೀರು ಬಳಸಿದರು. ಸರಿಯಾದ ಮದ್ದು ಇಂಗ್ಲೆಂಡಿನದೇ ವಿಜ್ಞಾನಿ ಜಾನ್ ಹರ್ಷೆಲ್ ಹತ್ತಿರ ಇತ್ತು. ಬೆಳ್ಳಿಯ ಲವಣವನ್ನು ಕರಗಿಸುವ, ಹೈಪೋ ಎಂಬ ರಾಸಾಯನಿಕದ ಗುಣವನ್ನು ಅವರು 1819ರಲ್ಲೇ ಕಂಡುಕೊಂಡಿದ್ದರು. ನಮ್ಮ ಹಳೇ ಡಾರ್ಕ್‌ರೂಮುಗಳಲ್ಲಿ ಇದ್ದದ್ದು ಅದೇ ಹೈಪೋ. ‘ರೀಲು ತೊಳೆಯಲು ಕೊಡುವುದು’ ಅಂತ ಜನ ಹೇಳುತ್ತಿದ್ದದ್ದು ಎಷ್ಟು ಸರಿ!

1839ರ ಮಾರ್ಚ್ 14ರಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಿದ ಪ್ರಬಂಧದಲ್ಲಿ ‘ಫೋಟೋಗ್ರಫಿ’ ಪದ ಬಳಸಿದವರೂ ಹರ್ಷೆಲ್. ಗ್ರೀಕಿನಲ್ಲಿ ಫೋಟೋಸ್ ಅಂದರೆ ಬೆಳಕಿನ, ಗ್ರಾಫೆ ಅಂದರೆ ಗೆರೆ, ಬರಹ. ಬ್ರೆಜಿಲ್‌ನಲ್ಲಿದ್ದ ಹರ್ಕ್ಯುಲ್ ಫ್ಲಾರೆನ್ಸ್ 1834ರಲ್ಲೇ ಇದೇ ಪದ ಬರೆದುಕೊಂಡಿದ್ದರು, ಆದರೆ ಅದು ಹೊರಜಗತ್ತಿಗೆ ತಲುಪಲಿಲ್ಲ. ನೆಗೆಟಿವ್ (ಬೆಳಕು ಕಪ್ಪಾಗಿ, ಕಪ್ಪು ಬೆಳಕಾಗಿ ಕಾಣುವ ಚಿತ್ರ), ಪಾಸಿಟಿವ್ (ಅದರಿಂದ ಬರುವ ಸರಿಯಾದ ಚಿತ್ರ) ಎಂಬ ಪದಗಳು ಕೂಡ ಹರ್ಷೆಲ್ ಕೊಟ್ಟದ್ದೇ, 1840ರಲ್ಲಿ. ಫ್ರಾನ್ಸಿನ ಡಗೇರ್ ಅವರ ಫೋಟೋ ತೆಗೆಯುವ ವಿಧಾನ ಜಗತ್ತಿಗೆ ತಿಳಿದ ಆಗಸ್ಟ್ 19ನ್ನು ನಾವು ಫೋಟೋಗ್ರಫಿ ದಿನ ಅಂತ ಆಚರಿಸುತ್ತೇವೆ. ನನಗೆ ಕೇಳಿದರೆ ಮಾರ್ಚ್ 14ಕ್ಕೂ ಅಷ್ಟೇ ಬೆಲೆ ಕೊಡಬೇಕು.

ನೆಗೆಟಿವ್ ಕಂಡೇ ಇರದ ಹುಡುಗರಿಗೆ ನಾನು ಸಯನೋಟೈಪ್, ಅಂದರೆ ಬಿಸಿಲಲ್ಲಿ ಮಾಡುವ ನೀಲಿ ಪ್ರಿಂಟ್, ಮಾಡಿಸುತ್ತೇನೆ. ಅದೂ ಹರ್ಷೆಲ್ ಅವರದೇ, 1842ರದ್ದು. ಬ್ಲೂಪ್ರಿಂಟ್ ಹುಟ್ಟಿದ್ದು ಅದರಿಂದ. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಎರಡನ್ನೂ ಬೇರೆ ಬೇರೆಯಾಗಿ 100 ಮಿಲೀ ನೀರಿನಲ್ಲಿ ಕರಗಿಸಬೇಕು. ಬೇಕಾದಾಗ ಸಮಸಮ ಬೆರೆಸಿ, ಮಂದ ಬಲ್ಬಿನ ಬೆಳಕಿನಲ್ಲಿ ದಪ್ಪ ಡ್ರಾಯಿಂಗ್ ಕಾಗದಕ್ಕೆ ಹಚ್ಚಿ, ಕತ್ತಲಲ್ಲಿ ಒಣಗಿಸಬೇಕು. ಕೈಗೆ ಗ್ಲೌಸ್ ಇರಲಿ. ಅಡುಗೆಮನೆಯ ಪಾತ್ರೆ ಮುಟ್ಟಲೇಬಾರದು.

ಒಣಗಿದ ಕಾಗದ ಹಸಿರು ಮಿಶ್ರಿತ ಹಳದಿ. ಅದರ ಮೇಲೆ ನುಗ್ಗೆ ಸೊಪ್ಪಿನ ಒಂದು ಕಡ್ಡಿ, ದಾಸವಾಳದ ಒಂದು ಎಸಳು ಇಟ್ಟು, ಗಾಜು ಮುಚ್ಚಿ ಬಿಸಿಲಿಗೆ ಇಡುತ್ತೇವೆ. ಬೇಸಗೆಯ ಬಿಸಿಲಿಗೆ ಹತ್ತು ನಿಮಿಷ ಸಾಕು. ಕಾಗದ ಕಡು ನೀಲಿಗೆ ತಿರುಗಿ, ಆಮೇಲೆ ಬೂದುಗಟ್ಟುತ್ತದೆ. ಎಕ್ಸ್‌ಪೋಷರ್ ಆಗುವುದನ್ನು ಕಣ್ಣಿಂದಲೇ ನೋಡಬಹುದು. ಬಾವಿ ನೀರಲ್ಲಿ ತೊಳೆದಾಗ ಬಿಸಿಲು ಕಾಣದ ಜಾಗದ ಹಳದಿ ಕರಗಿ ಹೋಗುತ್ತದೆ, ಉಳಿದದ್ದು ನೀಲಿ. ನುಗ್ಗೆ ಎಲೆ ಅಚ್ಚ ಬಿಳಿ. ದಾಸವಾಳದ ಎಸಳು ತೆಳು, ಸ್ವಲ್ಪ ಬೆಳಕು ಬಿಡುತ್ತದೆ. ಹಾಗಾಗಿ ಅದು ತಿಳಿನೀಲಿ, ನಡುವೆ ನರಗಳು ಬೆಳ್ಳಗೆ. ಆಮೇಲೆ 120 ಎಂಬ ಹಳೇ ಅಗಲ ಫಿಲ್ಮಿನ ನೆಗೆಟಿವ್ ಇಟ್ಟರೆ ಪಾಸಿಟಿವ್ ಬರುತ್ತದೆ. ಕಪ್ಪಾಗಿದ್ದ ಆಕಾಶ ಬಿಳಿ, ಬಿಳಿಯಾಗಿದ್ದ ತಲೆಗೂದಲು ಕಡು ನೀಲಿ.

ಇದೆಲ್ಲ ಮಳೆಗಾಲ ಮುಗಿದ ಮೇಲಿನ ಕೆಲಸ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಗಾಳಿಯೇ ಒದ್ದೆ. ಹಚ್ಚಿದ ಕಾಗದ ಒಣಗುವ ಮೊದಲೇ ಬಣ್ಣ ತಿರುಗುತ್ತದೆ. ಆಗ ಕೋಣೆಯ ಪಾಠ ಮಾತ್ರ, ಅದೂ ಬಿಸಿಲು ಬಂದರೆ. ಪ್ರಿಂಟ್ ಮಸುಕಾಗಿದೆ ಅಂತ ಸೋಪಿನ ನೀರಲ್ಲಿ ಮಾತ್ರ ತೊಳೆಯಬೇಡಿ. ಕ್ಷಾರ ತಾಗಿದರೆ ಆ ನೀಲಿ ಬಿಟ್ಟುಹೋಗುತ್ತದೆ.